ಮೂರು ಬೆಕ್ಕು, ಒಂದು ಹರಿವಾಣ

೧೯೫೬ರಲ್ಲಿ ನಾನು ಸೇಲಂನಲ್ಲಿ ವೆಟರ್ನರಿ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಅದಕ್ಕೆ ಮುಂಚೆ ಮೂರು ವರ್ಷ ಪಾಲಕೋಡ್ ಕಡೆಯ ಹಳ್ಳಿಗಳನ್ನು ಸೈಕಲ್ಲಿನಲ್ಲಿ ಸುತ್ತಿ, ಲೆಕ್ಕವಿಲ್ಲದಷ್ಟು ದನಗಳಿಗೆ ಸೂಜಿ ಚುಚ್ಚಿದ್ದೆ. ಕೊಂಬಿನ ಪ್ರಾಣಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವಂತಿರಲಿಲ್ಲ, ಈಗಲೂ ಇಲ್ಲ. ಆದರೆ ನಿಮ್ಮ ಕಸುಬನ್ನು ನಿಮಗೆ ಕಲಿಸಿದ ಕೇಸು ಯಾವುದು ಎಂದು ಯಾರಾದರೂ ಕೇಳಿದರೆ, ಬೆಕ್ಕಿನದು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ.

ಆಗ ಬೆಕ್ಕನ್ನು ಆಸ್ಪತ್ರೆಗೆ ತರುವವರೇ ಇರಲಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಎತ್ತು, ಹಸು, ಎಮ್ಮೆ, ಕುರಿ, ಕುದುರೆ, ನಾಯಿ ಎಲ್ಲಕ್ಕೂ ಒಂದೊಂದು ಕಾಲಂ ಇತ್ತು. ಬೆಕ್ಕಿಗೆ ಇರಲಿಲ್ಲ. ಬಂದರೆ ಗಿಳಿಯ ಜೊತೆ ‘ಇತರೆ’ ಎಂಬ ಕಾಲಂನಲ್ಲಿ ಬರೆಯಬೇಕಿತ್ತು. ಹಾಗಾಗಿ ಆಷಾಢದ ಒಂದು ಬೆಳಿಗ್ಗೆ ಐವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಮುಚ್ಚಿದ ಬುಟ್ಟಿ ತಂದು ಮೇಜಿನ ಮೇಲಿಟ್ಟಾಗ, ಕೋಳಿ ಇರಬೇಕು ಎಂದುಕೊಂಡೆ. ಮುಚ್ಚಳ ತೆಗೆದರೆ ಕಪ್ಪು ಬೆಕ್ಕು. ಕಿವಿ ಹರಿದಿತ್ತು. ಹಣೆಯಲ್ಲಿ ಕುಂಕುಮದ ಬೊಟ್ಟು ಬೇರೆ.

ಆಕೆ ಚೌಡಮ್ಮ. ನಮ್ಮಂತೆಯೇ ಮನೆಯಲ್ಲಿ ಕನ್ನಡ ಆಡುವ ನೇಕಾರರ ಪೈಕಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ರಾಮಲಿಂಗ ಮಗ್ಗ ನಡೆಸುತ್ತಿದ್ದ.

“ಡಾಕ್ಟ್ರಯ್ಯಾ, ಇದು ಕಾಳಿ. ಇದ್ಕೆ ಮುಲಾಮು ಆಕಿ. ಆಮೇಲೆ ಮನೇಲಿ ಇನ್ನೆರಡು ಅವೆ, ಮೂರಕ್ಕೂ ಒಂದೊಂದು ಊಸಿ ಚುಚ್ಬುಡಿ.”

“ಊಸಿ ಯಾಕಮ್ಮ? ಅವಕ್ಕೇನು ಕಾಯಿಲೆ?”

“ಸಂಡೆ. ಒತ್ತಾರೆಯಿಂದ ಸಂಜೆಗಂಟ ಬರೀ ಸಂಡೆ.”

ಜಗಳಕ್ಕೆ ಇಂಜೆಕ್ಷನ್ ಇದ್ದಿದ್ದರೆ ಮೊದಲು ನಮ್ಮ ಆಫೀಸಿನವರಿಗೇ ಚುಚ್ಚುತ್ತಿದ್ದೆ ಎಂದೆ. ಆಕೆ ನಗಲಿಲ್ಲ. ಆಗಲೇ ನನಗೆ ವಿಷಯ ದೊಡ್ಡದೆಂದು ಹೊಳೆದದ್ದು. ಕಿವಿಗೆ ಹಳದಿ ಅಕ್ರಿಫ್ಲೇವಿನ್ ಹಚ್ಚುತ್ತಾ ಉಳಿದದ್ದನ್ನು ಕೇಳಿದೆ.

ಚೌಡಮ್ಮನ ತಂಗಿ ನಂಜಮ್ಮ. ಶಂಕಗಿರಿಗೆ ಕೊಟ್ಟಿದ್ದ ಹೆಣ್ಣು, ಮಕ್ಕಳಿಲ್ಲ. ಗಂಡ ಹೋದ ಮೇಲೆ ಹನ್ನೊಂದು ವರ್ಷ ಮೈದುನನ ಮನೆಯಲ್ಲಿ ಕಸ ಮುಸುರೆ ಮಾಡಿಕೊಂಡು, ಅವರು ಹಾಕಿದ್ದನ್ನು ಉಂಡುಕೊಂಡು ಇದ್ದಳು. ಅಕ್ಕನಿಗೆ ತಡೆಯಲಾಗಲಿಲ್ಲ. ಹೋಗಿ, ಸೇಲಂಗೆ ಬರುವ ಲಾರಿಯೊಂದರಲ್ಲಿ ತಂಗಿಯನ್ನು ಕೂರಿಸಿಕೊಂಡು ಬಂದುಬಿಟ್ಟಳು. ತಂಗಿ ತಂದದ್ದು ಒಂದು ತಗಡಿನ ಪೆಟ್ಟಿಗೆ, ಎರಡು ಬೆಕ್ಕು. ತಾಯಿ ಬಿಳಚಿ, ಮಗಳು ಚುಕ್ಕಿ. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅವೆರಡೇ.

ಇತ್ತ ನೇಕಾರರ ಮನೆಗೆ ಬೆಕ್ಕು ಬೇಕೇ ಬೇಕು. ಮಗ್ಗಕ್ಕೆ ಉದ್ದುದ್ದ ಕಟ್ಟುವ ನೂಲಿಗೆ ಹಾಸು ಎನ್ನುತ್ತಾರೆ. ಅದಕ್ಕೆ ಅಕ್ಕಿಗಂಜಿ ಹಾಕಿರುತ್ತಾರೆ. ಗಂಜಿಯ ವಾಸನೆಗೆ ಇಲಿ ಬರುತ್ತದೆ. ಕಾಳಿ ಇದ್ದಲ್ಲಿ ಇಲಿ ಸುಳಿಯುತ್ತಿರಲಿಲ್ಲ. ಶಂಕಗಿರಿಯ ಬೆಕ್ಕುಗಳು ಬಂದ ಮೇಲೆ ಕಾಳಿ ಇಲಿ ಹಿಡಿಯುವುದನ್ನೇ ಬಿಟ್ಟು ಇವುಗಳನ್ನು ಕಾಯುತ್ತಾ ಕೂತಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಮನೆಯಲ್ಲಿ ಗಾದೆ ತಲೆಕೆಳಗಾಗಿತ್ತು. ಮೂರೂ ಮಗ್ಗದ ಮೇಲೆಯೇ ಬಿದ್ದು ಹೊಡೆದಾಡಿ, ಹಾಸಿನ ಎಳೆಗಳನ್ನು ಕಿತ್ತು ಹಾಕಿದ್ದವು. ರಾಮಲಿಂಗ ಒಂದೇ ಮಾತು ಹೇಳಿದ್ದ: ಆಯುಧಪೂಜೆಯೊಳಗೆ ಸರಿಹೋಗದಿದ್ದರೆ ಶಂಕಗಿರಿಯ ಎರಡನ್ನೂ ಗೋಣಿಗೆ ಹಾಕಿ ಊರಾಚೆ ಬಿಟ್ಟು ಬರುತ್ತೇನೆ.

“ನಂಜಿ ಏನಂತಾಳೆ ಗೊತ್ತಾ? ಅವು ಓದ್ರೆ ನಾನೂ ಓಯ್ತೀನಿ ಅಂತಾಳೆ. ಎಲ್ಲಿಗೋಯ್ತಾಳೆ ಪಾವಂ? ತಿರ್ಗಾ ಅದೇ ಮನೆಗೆ, ಅದೇ ಮುಸ್ರೆಗೆ.” ಚೌಡಮ್ಮನ ದನಿ ಒಡೆಯಿತು. “ಅವ್ಳು ಓಗ್ಬಾರ್ದು ಡಾಕ್ಟ್ರೇ. ಏನಾದ್ರೂ ಮಾಡಿ.”

ನಾನು ಎರಡನೇ ಸಲ ಯೋಚಿಸಲಿಲ್ಲ. ಹೊಸ ಜೋಡಿ ಎತ್ತು ಒಂದಕ್ಕೊಂದು ಆಗದಿದ್ದರೆ ಒಂದೇ ಗೋದಲಿಯಲ್ಲಿ ಮೇವು ಹಾಕಿ ಹೊಂದಿಸುವುದನ್ನು ಪಾಲಕೋಡ್ ರೈತರಲ್ಲಿ ಎಷ್ಟೋ ಸಲ ಕಂಡಿದ್ದೆ. “ಮೂರಕ್ಕೂ ಒಟ್ಟಿಗೆ ಉಣ್ಣೋಕೆ ಇಡಿ, ತಾನಾಗೇ ಸರಿಹೋಗ್ತವೆ” ಎಂದೆ. ಆಕೆ ಮುಖ ಅರಳಿಸಿದಳು. “ಅಂಗೇ ಮಾಡ್ತಿದ್ದೀನಲ್ಲ! ಒಂದೊತ್ತು ಮಾಡ್ತಿದ್ದೆ, ಇನ್ಮೇಲೆ ಮೂರೊತ್ತೂ ಮಾಡ್ತೀನಿ” ಎಂದಳು. ಅದನ್ನು ಕೇಳಿಯಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಒಂದು ವಾರ ಕಳೆದು ಮತ್ತೆ ಬಂದಳು. ಈ ಸಲ ಬುಟ್ಟಿಯಲ್ಲಿ ಚುಕ್ಕಿ. ಕಣ್ಣಿನ ಪಕ್ಕ ಆಳವಾದ ಉಗುರಿನ ಗೀರು. ಒಂದು ಕೂದಲೆಳೆ ಆಚೀಚೆಯಾಗಿದ್ದರೆ ಕಣ್ಣು ಹೋಗುತ್ತಿತ್ತು. ತಂಗಿ ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಾಳೆ ಎಂದಳು. “ನೀವು ಏಳ್ದಂಗೇ ಮಾಡ್ದೆ” ಎಂದು ಮಾತ್ರ ಹೇಳಿ ನನ್ನ ಮುಖ ನೋಡಿದಳು. ನನಗೆ ನಾಚಿಕೆಯಾಯಿತು. ಮಧ್ಯಾಹ್ನವೇ ಮನೆಗೆ ಬರುತ್ತೇನೆ, ನಾನು ಬರುವ ತನಕ ಬೆಕ್ಕುಗಳಿಗೆ ಏನೂ ಹಾಕಬೇಡಿ ಎಂದೆ.

ಮುಂದೆ ಮಗ್ಗದ ಕೋಣೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲ ಕಡೆಗೆ ಒಂದು ಸಣ್ಣ ಕೋಣೆ, ಮನೆ ಅಷ್ಟೇ. ರಾಮಲಿಂಗ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಎದ್ದು ಬರಲೂ ಇಲ್ಲ. ನಂಜಮ್ಮ ಗೋಡೆಗೆ ಒರಗಿ, ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಚೌಡಮ್ಮ ಒಂದು ದೊಡ್ಡ ಹಿತ್ತಾಳೆ ಹರಿವಾಣ ತಂದು ನಮ್ಮ ಮುಂದೆ ನೆಲದ ಮೇಲಿಟ್ಟು ಅನ್ನ ಹಾಲು ಕಲಸಿದಳು. ಹತ್ತು ಜನ ಉಣ್ಣಬಹುದಾದ ಹರಿವಾಣ.

“ಇದೇನಮ್ಮ, ಬೆಕ್ಕಿಗೆ ಇಷ್ಟು ದೊಡ್ಡದು?”

“ಬೂವದ ಅರಿವಾಣ. ನನ್ನ ಮದ್ವೇಲಿ ಇದ್ರಲ್ಲೇ ಬೂವ ಉಂಡಿದ್ದು.”

ನಮ್ಮಲ್ಲಿ ಮದುವೆಯಾದ ಮೇಲೆ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಒಂದೇ ಹರಿವಾಣದ ಸುತ್ತ ಕೂತು ಕಲಸಿದ ಅನ್ನ ಉಣ್ಣುತ್ತಾರೆ. ಅದೇ ಬೂವ. ಒಂದು ಹರಿವಾಣದಲ್ಲಿ ಕೈಯಿಟ್ಟವರು ಆಮೇಲೆ ಬೇರೆಯವರಲ್ಲ ಎಂದು ನಂಬಿಕೆ. ಚೌಡಮ್ಮ ಶಂಕಗಿರಿಯ ಬೆಕ್ಕುಗಳು ಬಂದ ದಿನವೇ ಮೂರಕ್ಕೂ ಕುಂಕುಮ ಇಟ್ಟು, ಬೀಗರನ್ನಾಗಿ ಮಾಡಿ, ಬೂವಕ್ಕೆ ಕೂರಿಸಿದ್ದಳು. ನಾನು ಹೋಗಿ ಅದಕ್ಕೇ ಸರ್ಕಾರಿ ಮೊಹರು ಒತ್ತಿದ್ದೆ!

ಕೂತು ನೋಡಿದೆ. ಕಾಳಿ ಕಿವಿ ಹಿಂದಕ್ಕೆ ಮಡಿಸಿ, ಅಗಿಯದೆ ಗಬಗಬ ನುಂಗುತ್ತಿತ್ತು. ಬಿಳಚಿ ತಿನ್ನಲೇ ಇಲ್ಲ. ಕಾಳಿಯ ಮೇಲಿಂದ ಕಣ್ಣು ತೆಗೆಯದೆ ಬಾಲದ ತುದಿ ಆಡಿಸುತ್ತಿತ್ತು. ಚುಕ್ಕಿ ದೂರದಲ್ಲೇ ಹೊಟ್ಟೆ ನೆಲಕ್ಕೆ ಒತ್ತಿ ಕೂತಿತ್ತು. ಅಲ್ಲಿ ಊಟ ನಡೆಯುತ್ತಿರಲಿಲ್ಲ, ಕಾವಲು ನಡೆಯುತ್ತಿತ್ತು. ಎತ್ತು ಹಿಂಡಿನಲ್ಲಿ ಮೇಯುವ ಪ್ರಾಣಿ. ಬೆಕ್ಕು ಒಂಟಿಯಾಗಿ ಹೊಂಚಿ, ಒಂದು ಇಲಿ ಹಿಡಿದು, ಒಂಟಿಯಾಗಿಯೇ ತಿನ್ನುತ್ತದೆ. ಒಂದು ಇಲಿಯಲ್ಲಿ ಪಾಲು ಕೊಡುವುದಕ್ಕೆ ಏನಿದೆ? ಇಷ್ಟು ಸಣ್ಣ ಸಂಗತಿ, ಪದವಿ ಪಡೆದ ನನ್ನ ತಲೆಗೆ ಹೊಳೆದಿರಲಿಲ್ಲ.

“ನಾನು ಹೇಳಿದ್ದು ತಪ್ಪಾಯ್ತಮ್ಮ” ಎಂದೆ. “ಈ ಹರಿವಾಣ ಎತ್ತಿಡಿ. ಮೂರಕ್ಕೂ ಬೇರೆ ಬೇರೆ ತೆಂಗಿನ ಚಿಪ್ಪು, ಬೇರೆ ಬೇರೆ ಜಾಗ.”

ಚೌಡಮ್ಮ ಬೆಚ್ಚಿದಳು. “ಒಂದೇ ಮನೇಲಿ ಬ್ಯಾರೆ ಬ್ಯಾರೆ ಅಂದ್ರೆ ಮನೆ ಒಡ್ದಂಗೆ ಅಲ್ವಾ? ನಾನೂ ನಂಜೀನೂ ನೋಡಿ, ಬಂದ ದಿನದಿಂದ ಒಂದೇ ತಟ್ಟೇಲಿ ಉಣ್ತೀವಿ. ನಾನೇ ಕಲ್ಸಿ ಕೊಡ್ತೀನಿ. ಎಷ್ಟು ಚೆನ್ನಾಗಿದ್ದೀವಿ.”

ನಂಜಮ್ಮ ತಲೆ ಎತ್ತಲಿಲ್ಲ. ಕಂಡಿಕೆ ಸುತ್ತುತ್ತಿದ್ದ ಕೈ ಮಾತ್ರ ಒಂದು ಗಳಿಗೆ ನಿಂತಿತು. ನಾನು ಅದನ್ನು ನೋಡಿದೆ, ಆದರೆ ಬೆಕ್ಕಿನ ಡಾಕ್ಟರಾಗಿ ಹೋದವನು, ಬೆಕ್ಕುಗಳ ಕಡೆಗೇ ತಿರುಗಿದೆ.

ಅವತ್ತೇ ಬಿಳಚಿ, ಚುಕ್ಕಿ ಹಿತ್ತಲ ಕೋಣೆ ಸೇರಿದವು, ಬಾಗಿಲು ಮುಚ್ಚಿಸಿದೆ. ಕಾಳಿ ಮಲಗುವ ಗೋಣಿತಾಟನ್ನು ದಿನಾ ಅವುಗಳ ಕೋಣೆಗೂ, ಅವುಗಳದನ್ನು ಕಾಳಿಯ ಮೂಲೆಗೂ ಹಾಕಲು ಹೇಳಿದೆ. ಬೆಕ್ಕು ನೆಂಟಸ್ತಿಕೆ ಮಾಡುವುದು ಮೂಗಿನಿಂದ. ಮುಖ ನೋಡುವುದಕ್ಕೆ ಮುಂಚೆ ವಾಸನೆ ಹಳೆಯದಾಗಬೇಕು. ಊಟ ಮುಚ್ಚಿದ ಬಾಗಿಲಿನ ಆಚೆ ಈಚೆ. ಮೊದಲು ಬಾಗಿಲಿಂದ ದೂರ, ಆಮೇಲೆ ದಿನಕ್ಕೊಂದು ಗೇಣು ಹತ್ತಿರ. ಯಾವುದಾದರೂ ಗುರ್ ಎಂದರೆ ಮಾರನೆಯ ದಿನ ಒಂದು ಗೇಣು ಹಿಂದಕ್ಕೆ. ಅವಸರ ಮಾಡಿದರೆ ಮೊದಲಿಂದ ಶುರು ಎಂದು ಹೆದರಿಸಿಯೂ ಇಟ್ಟೆ. ಬೂದಿ ತುಂಬಿದ ಹಳೇ ತಗಡಿನ ತಟ್ಟೆ ಮೂರು, ಮೂರು ಮೂಲೆಗೆ; ಹೊರಕಡೆಗೆ ಹೋಗಲೂ ಒಂದನ್ನೊಂದು ಕಾಯುವಂತಿರಬಾರದು. ರಾಮಲಿಂಗನಿಗೆ, ಗೋಡೆಯ ಮೇಲೆ ಎರಡು ಹಲಗೆ ಹೊಡೆದು ಕೊಡಪ್ಪ ಎಂದೆ. ಸೋತ ಬೆಕ್ಕಿಗೆ ಹತ್ತಿ ಕೂರಲು ಎತ್ತರದ ಜಾಗ ಇದ್ದರೆ ಅದು ಉಗುರು ಬಿಚ್ಚುವುದಿಲ್ಲ.

“ಬೆಕ್ಕಿಗೆ ಮಾಳಿಗೆ ಮನೆ ಕಟ್ಟು ಅಂತೀರಾ?” ಎಂದು ಗೊಣಗಿದ. ಆದರೂ ಹೊಡೆದುಕೊಟ್ಟ.

ಹದಿನೈದು ದಿನದ ಮೇಲೆ ಬಾಗಿಲು ತೆರೆಸಿ ಅಲ್ಲಿ ಬಿದಿರಿನ ತಡಿಕೆ ನಿಲ್ಲಿಸಿದೆವು. ಒಂದನ್ನೊಂದು ನೋಡುತ್ತಾ, ತಮ್ಮ ತಮ್ಮ ಚಿಪ್ಪಿನಲ್ಲಿ ಉಂಡವು. ಒಂದೆರಡು ಸಲ ಬುಸುಗುಟ್ಟಿದ್ದುಂಟು; ತಡಿಕೆಯನ್ನು ಯಾವುದೂ ಮುಟ್ಟಲಿಲ್ಲ. ಅದಾಗಿ ಹತ್ತು ದಿನಕ್ಕೆ ತಡಿಕೆ ತೆಗೆದೆವು. ಅಕ್ಕ, ತಂಗಿ, ರಾಮಲಿಂಗ ಮೂವರೂ ಉಸಿರು ಬಿಗಿ ಹಿಡಿದು ನಿಂತಿದ್ದರು. ಕಾಳಿ ಬಂತು, ಚುಕ್ಕಿಯ ಮೂತಿ ಮೂಸಿತು, ತನಗೇನೂ ಸಂಬಂಧವಿಲ್ಲ ಎಂಬಂತೆ ಹಲಗೆ ಹತ್ತಿ ಮೈ ನೆಕ್ಕಿಕೊಳ್ಳತೊಡಗಿತು. ನಂಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಾಗಿಲ ಬಳಿ ಇದ್ದ ತಗಡಿನ ಪೆಟ್ಟಿಗೆಯನ್ನು ರಾಮಲಿಂಗನೇ ಎತ್ತಿ ಒಳಗೆ ಇಟ್ಟ.

ಆಯುಧಪೂಜೆಯ ದಿನ ಚೌಡಮ್ಮ ಕರೆದಿದ್ದಳು. ಹಾಸು ಮುಗಿದಿತ್ತು, ಮಗ್ಗಕ್ಕೆ ಹೂ ಮುಡಿಸಿದ್ದರು. ಮೂರು ಬೆಕ್ಕು ಮೂರು ಕಡೆ ಮಲಗಿದ್ದವು. ಅಂಟಿಕೊಂಡು ಮಲಗುವಷ್ಟು ಪ್ರೀತಿಯೇನೂ ಹುಟ್ಟಿರಲಿಲ್ಲ, ನಾನು ಆ ಆಸೆ ಕೊಟ್ಟೂ ಇರಲಿಲ್ಲ. ಎದ್ದಾಗ ಒಂದರ ಪಕ್ಕ ಇನ್ನೊಂದು ಬಾಲ ಎತ್ತಿಕೊಂಡು ಹಾದು ಹೋಗುತ್ತಿದ್ದವು. ನನಗೆ ಅಷ್ಟು ಸಾಕಾಗಿತ್ತು. ಕೈತೊಳೆಯಲು ಹಿತ್ತಲಿಗೆ ಹೋದಾಗ ಬೆಕ್ಕುಗಳನ್ನಿಟ್ಟಿದ್ದ ಆ ಸಣ್ಣ ಕೋಣೆ ಕಣ್ಣಿಗೆ ಬಿತ್ತು. ಹೊಸದಾಗಿ ಸಾರಿಸಿದ ಮಣ್ಣಿನ ಒಲೆ, ಒಂದು ಮಡಕೆ, ಗೋಡೆಗೆ ಒರಗಿಸಿದ ಒಂದು ಹೊಸ ತಟ್ಟೆ.

“ಇದ್ಯಾರದು?” ಎಂದೆ. ಮನೆ ಒಡೆಯಿತೇ ಎಂದು ನನಗೆ ಒಳಗೊಳಗೇ ಭಯ.

“ನಂಜೀದು” ಎಂದಳು ಚೌಡಮ್ಮ. “ಬೆಕ್ಕಿಗೆ ನೀವು ಏಳಿದ್ದು ನೆನೀತಾ ಇದ್ದೆ. ಅನ್ನೊಂದು ವರ್ಷ ಯಾರೋ ಆಕಿದ್ದು ತಿಂದೌಳೆ. ಇಲ್ಲಿಗೆ ಕರ್ಕಂಡ್ ಬಂದು ನಾನೂ ಅದನ್ನೇ ಮಾಡ್ದೆ, ಕಲ್ಸಿ ಕಲ್ಸಿ ಇಕ್ದೆ. ಅವ್ಳಿಗೆ ಏನ್ ಬೇಕು ಅಂತ ಒಂದ್ ದಿನ ಕೇಳ್ಲಿಲ್ಲ. ಈಗ ಕಂಡಿಕೆ ಸುತ್ತಿದ್ ಕೂಲಿ ಅವ್ಳದು, ಒಲೆ ಅವ್ಳದು.”

ಅಷ್ಟರಲ್ಲಿ ನಂಜಮ್ಮ ಆ ಹೊಸ ತಟ್ಟೆಯಲ್ಲಿ ಬಿಸಿ ಮುದ್ದೆ, ಅವರೆಕಾಳು ಸಾರು ಹಾಕಿಕೊಂಡು ಬಂದಳು. ನನಗೆ ಇರಬೇಕು ಎಂದು ಕೈ ಚಾಚಿದೆ. ಆಕೆ ನನ್ನನ್ನು ದಾಟಿ ಹೋಗಿ ಅಕ್ಕನ ಮುಂದೆ ಇಟ್ಟಳು.

“ಉಣ್ಣಕ್ಕಾ, ನಾನು ಮಾಡಿದ್ದು” ಎಂದಳು. ಆ ಮನೆಯಲ್ಲಿ ನಾನು ಕೇಳಿದ ಆಕೆಯ ಮೊದಲ ಮಾತು ಅದು.

ಆಸ್ಪತ್ರೆಗೆ ಬಂದು ರಿಜಿಸ್ಟರಿನ ‘ಇತರೆ’ ಕಾಲಂನಲ್ಲಿ ‘ಗುಣವಾಗಿದೆ’ ಎಂದು ಬರೆದೆ. ಅಲ್ಲಿಂದಾಚೆ ಎಷ್ಟೋ ಊರಿಗೆ ವರ್ಗವಾಗಿ, ಕೊನೆಗೆ ಪೆನ್ಷನ್ನೂ ಬಂತು. ಮನೆಯಲ್ಲಿ ಬೆಕ್ಕುಗಳು ಹೊಂದುತ್ತಿಲ್ಲ ಎಂದು ಯಾರು ಬಂದರೂ ಗಾಯ ನೋಡುವುದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. ಅತ್ತೆ ಸೊಸೆ, ಅಣ್ಣ ತಮ್ಮ ಹೊಂದುತ್ತಿಲ್ಲ ಎಂದು ಬಂದವರಿಗೂ ಅದನ್ನೇ ಕೇಳಿದ್ದೇನೆ. ಮನೆಯಲ್ಲಿ ತಟ್ಟೆ ಎಷ್ಟಿವೆ?