ಊದಿಕೊಂಡ ಅಕ್ಷರಗಳು

ಬೆಲ್ಲ ಕುದಿಯುವ ವಾಸನೆಗೆ ಎಲ್ಲರ ಬಾಯಲ್ಲಿ ನೀರೂರಿದರೆ, ನನಗೆ ಇಂದಿಗೂ ಎದೆ ಧಸಕ್ಕೆನ್ನುತ್ತದೆ. ಮಹಾಯುದ್ಧಕ್ಕೆ ಒಂದೆರಡು ವರ್ಷ ಮೊದಲಿರಬೇಕು. ಹುಕ್ಕೇರಿಯ ನಮ್ಮ ಮನೆಯ ಹಿತ್ತಲಲ್ಲಿ ಮೂಡಲಗಿಯ ಬೆಲ್ಲ ಒಲೆಯ ಮೇಲೆ ಕರಗುತ್ತಿತ್ತು. ಅದರೊಳಗೆ ಇನ್ನೊಂದು ಕಮಟು ವಾಸನೆ ಬೆರೆತಿತ್ತು. ಹೋಳಿಗೆ ಇರಬೇಕೆಂದು ಓಡಿದ ನನ್ನ ಹಿಂದೆಯೇ ಆಯಿ, ಅಂದರೆ ಅಪ್ಪನ ತಾಯಿ, ಗೋಡೆ ಹಿಡಿದುಕೊಂಡು ಬಂದಳು.

"ಏನ್ ಮಾಡಾಕತ್ತೀಯೋ ನಿಂಗಪ್ಪಾ?"

ಗೋಕಾಕದಿಂದ ಅಪ್ಪ ಕರೆಸಿಕೊಂಡಿದ್ದ ಅಚ್ಚುಗಾರ ನಿಂಗಪ್ಪನಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. "ರೋಲರ ಎರಿಯಾಕತ್ತೇನ್ರೀ ಆಯಿ. ಹಳೇದು ಒಣಗಿ ಬಿರದೈತಿ. ಅಚ್ಚಿನ ಮೊಳಿಗೆ ಮಸಿ ಹಚ್ಚಾಕ ಬೇಕಲ್ರೀ. ಬೆಲ್ಲಾ, ಅದರಾಗ ಅಂಟು."

"ಎದರ ಅಂಟು?"

ಅವನು ಪಕ್ಕದಲ್ಲಿ ನಿಂತಿದ್ದ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ.

"ದನದ ತೊಗಲಿಂದ್ರೀ."

ನಮ್ಮದು ಜೈನರ ಮನೆ. ನೀರನ್ನು ಸೋಸದೆ ಕುಡಿಯುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುತ್ತಿರಲಿಲ್ಲ. ಹಾಗಂತ ಅಪ್ಪನ ಉದ್ದೇಶವೇನೂ ಕೆಟ್ಟದ್ದಲ್ಲ. ಆಯಿ ದಿನಾ ಬೆಳಿಗ್ಗೆ ಓದುತ್ತಿದ್ದ ಶಾಸ್ತ್ರ ನಮ್ಮ ಮುತ್ತಜ್ಜ ಕೈಯಿಂದ ಬರೆದದ್ದು. ಸಾಸಿವೆ ಕಾಳಿನಂಥ ಅಕ್ಷರ. ಕಣ್ಣಿಗೆ ಪೊರೆ ಬಂದು, ಪುಟ ಮೂಗಿಗೆ ತಾಗಿದರೂ ಅವಳಿಗೆ ಸಾಲು ಸಿಗುತ್ತಿರಲಿಲ್ಲ. ದೃಷ್ಟಿ ಪೂರ್ತಿ ಹೋಗುವ ಮೊದಲು ಅದನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿ ಅವಳ ಕೈಗಿಡಬೇಕೆಂದು ಅಪ್ಪ ಒಂದು ಹಳೆಯ ಕೈಯಚ್ಚಿನ ಯಂತ್ರ ತಂದು ಪಡಸಾಲೆಯಲ್ಲಿ ನಿಲ್ಲಿಸಿದ್ದ. ಅಚ್ಚಿನ ಮೊಳೆಗಳು ಮುಂಬಯಿಯಿಂದ ಬಂದಿದ್ದವು. ಎಂಥ ಮೊಳೆಗಳು! ಪುಸ್ತಕಕ್ಕೆಂದೇ ಕೊರೆದವು. ಅಕ್ಷರದ ಹೊಟ್ಟೆ ತುಂಬಿಕೊಂಡಿತ್ತು, ತಲೆಕಟ್ಟಿನ ತುದಿ ಚೂಪಾಗಿತ್ತು, ಒಂದು ಸುತ್ತಿನಿಂದ ಇನ್ನೊಂದಕ್ಕೆ ಹೊರಳುವಲ್ಲಿ ಗೆರೆ ಕೂದಲೆಳೆಯಾಗುತ್ತಿತ್ತು. ಹಳೆಯ ರೋಲರಿನಿಂದ ತೆಗೆದ ಮೊದಲ ಪುಟವನ್ನು ಅಪ್ಪ ಬೆಳಕಿಗೆ ಹಿಡಿದು, ಸಿಂಗರಿಸಿಕೊಂಡ ಮದುಮಗಳನ್ನು ನೋಡುವಂತೆ ನೋಡಿದ್ದ.

ಆಯಿ ಹಿತ್ತಲಲ್ಲೇ ನಿಂತು ಹೇಳಿಬಿಟ್ಟಳು: "ಇರಿವಿ ಸತ್ತಾವಂತ ನೆಲಾ ನೋಡಿ ನಡದಾಕಿ ನಾನು. ತೊಗಲು ಮುಟ್ಟಿದ ಶಾಸ್ತ್ರಾ ಕಣ್ಣಿಗೆ ಹಚ್ಚಿಕೊಳ್ಳಲಾ? ಆ ರೋಲರ ಮನಿ ಬಿಟ್ಟು ಹೋಗೂತನಕಾ ನಾ ಉಣ್ಣಾಂಗಿಲ್ಲ."

"ಅದಿಲ್ಲದ ಅಚ್ಚು ಚಂದ ಮೂಡಾಂಗಿಲ್ಲವ್ವಾ. ನೀ ಓದಬೇಕಂತನ ಮಾಡಾಕತ್ತೇನಿ."

"ಕುರುಡಿಯಾಗಿ ಸಾಯ್ತೇನಿ, ಬಿಡು."

ಹಟದಲ್ಲಿ ಅಪ್ಪ ಅವಳ ಮಗನೇ. ಹೊಸ ರೋಲರ್ ಪಡಸಾಲೆಯ ಮೂಲೆಯಲ್ಲಿ ಆರುತ್ತ ನಿಂತಿತು; ಆಯಿ ಒಳಕೋಣೆಯಲ್ಲಿ ಚಾಪೆ ಹಿಡಿದಳು. ಕಾಯಿಸಿದ ನೀರೊಂದನ್ನು ಬಿಟ್ಟು ಏನೂ ಮುಟ್ಟಲಿಲ್ಲ. ನಮ್ಮವರಲ್ಲಿ ಉಪವಾಸ ಹಿಡಿದವರು ಹಾಗೆಯೇ ಕಣ್ಣು ಮುಚ್ಚಿದ್ದನ್ನು ಎಲ್ಲರೂ ಬಲ್ಲರು, ಆದ್ದರಿಂದ ಅವಳ ಮಾತು ಯಾರಿಗೂ ಬರೀ ಬೆದರಿಕೆಯಾಗಿ ಕೇಳಲಿಲ್ಲ. ಅವ್ವ ಅಡುಗೆ ಮಾಡುತ್ತಿದ್ದಳು, ಯಾರೂ ಸರಿಯಾಗಿ ಉಣ್ಣುತ್ತಿರಲಿಲ್ಲ. ನಿಂಗಪ್ಪ ಮೊಳೆ ಜೋಡಿಸುವ ಟಿಕ್ ಟಿಕ್ ಸಪ್ಪಳ ನಿಂತಿತ್ತು. ನಾನು ಆಯಿಯ ಪಕ್ಕ ಮಲಗಿ ಅವಳ ಉಸಿರಿಗೆ ಕಿವಿ ಕೊಡುತ್ತಿದ್ದೆ. ಒಂದು ಉಸಿರು ತಡವಾದರೆ ನನ್ನದೂ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಅವಳಿಗೆ ಎದ್ದು ಕೂಡಲಾಗಲಿಲ್ಲ. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು. ನೇರ ಪಡಸಾಲೆಗೆ ಹೋಗಿ ಕೇಳಿದೆ: "ಅಪ್ಪಾ, ಆಯಿ ಸತ್ತ ಮ್ಯಾಲೆ ಪುಸ್ತಕಾ ಯಾರಿಗೆ ಓದಾಕ ಕೊಡ್ತೀ?"

ಅಪ್ಪ ನನ್ನನ್ನು ಹೊಡೆಯುತ್ತಾನೆಂದೇ ಅವ್ವ ಓಡಿ ಬಂದಳು. ಅವನು ಹೊಡೆಯಲಿಲ್ಲ. ಹೊಸತು, ಅದೇ ಅಂಟಿನ ಹಳೆಯದು, ಎರಡೂ ರೋಲರ್‌ಗಳನ್ನು ಎತ್ತಿಕೊಂಡು ಊರ ಹೊರಗೆ ಹೋಗಿ ಹೂತು ಬಂದ. ಮೊಳೆಗಳನ್ನೆಲ್ಲ ಅಂಟವಾಳದ ನೀರಿನಲ್ಲಿ ತೊಳೆಸಿದ. ಆಯಿ ಆ ಮಧ್ಯಾಹ್ನ ಎರಡು ಗುಟುಕು ಗಂಜಿ ಕುಡಿದಳು; ಅವ್ವ ಒಲೆಯ ಮುಂದೆ ಕೂತು ಅತ್ತಳು.

ಆಯಿಯ ಹಳೆಯ ಬಿಳಿ ಸೀರೆಯಲ್ಲಿ ಅರಳೆ ಕಟ್ಟಿ ನಿಂಗಪ್ಪ ಉಂಡೆಯಂಥ ಗುಬುಟು ಮಾಡಿದ. ಅದನ್ನೇ ಮಸಿಯಲ್ಲಿ ಅದ್ದಿ ಮೊಳೆಗಳ ಮೇಲೆ ಒತ್ತಿ ಅಚ್ಚು ತೆಗೆದ. ಪುಟ ಎತ್ತಿದವನೇ ಹಣೆ ಬಡಿದುಕೊಂಡ: "ಮೊಳಿ ಮಾನಾ ಹೋತ್ರೀ! ಸಣ್ಣ ಗೆರಿ ಎಲ್ಲಾ ಮಸಿ ಕುಡದು ಊದಿಕೊಂಡಾವ." ನಿಜ. ಮುಂಬಯಿಯ ಮದುಮಗಳ ಮುಖಕ್ಕೆ ಜೇನು ಕಡಿದಂತಿತ್ತು. ಅಪ್ಪ ಅದನ್ನು ಮುದ್ದೆ ಮಾಡಲು ಹೊರಟಿದ್ದ. ಅಷ್ಟರಲ್ಲಿ ಆಯಿ ಕೈ ಚಾಚಿದಳು. ಕಿಟಕಿಯ ಹತ್ತಿರ ಸರಿದು, ಪುಟವನ್ನು ಮುಖದ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದಳು. ಆಮೇಲೆ ಆಯಿ ತಡೆತಡೆದು ಒಂದು ಸಾಲು ಓದಿದಳು, ಮತ್ತೊಂದು ಓದಿದಳು. ಕಂಠಪಾಠ ಒಪ್ಪಿಸುತ್ತಿದ್ದಾಳೆಂದು ನಾನು ನಡುವಿನ ಸಾಲೊಂದಕ್ಕೆ ಬೆರಳಿಟ್ಟೆ. ಅದನ್ನೂ ಓದಿದಳು.

ಪುಸ್ತಕ ಹಾಗೆಯೇ ಪೂರ್ತಿಯಾಯಿತು. ಆಯಿ ಎರಡು ಮಳೆಗಾಲ ಅದನ್ನು ಓದಿ ತೀರಿಕೊಂಡಳು. ಅಪ್ಪನಿಗೆ ಮಾತ್ರ ಅದೊಂದು ನಾಚಿಕೆಯಾಗಿ ಉಳಿಯಿತು. ಮನೆಗೆ ಬಂದವರಿಗೆ ರೋಲರಿನ ಆ ಮೊದಲ ಪುಟವನ್ನೇ ತೋರಿಸಿ, "ಹಿಂಗ ಆಗಬೇಕಿತ್ರೀ," ಎನ್ನುತ್ತಿದ್ದ. ಪುಸ್ತಕ ಹೊರಗೆ ತೆಗೆಯುತ್ತಿರಲಿಲ್ಲ. ಆ ಮನೆ ಈಗಿಲ್ಲ. ಮೊಳೆಗಳು ಯುದ್ಧದ ಕಾಲದಲ್ಲಿ ಯಾರದೋ ಮೂಸೆಗೆ ಹೋಗಿ ಕರಗಿದವು.

ಪುಟವೂ ಪುಸ್ತಕವೂ ನನ್ನ ಹತ್ತಿರ ಇವೆ. ಈಗ ನನ್ನ ಕಣ್ಣಿಗೂ ಪೊರೆ ಬಂದಿದೆ. ಮೊನ್ನೆ ಅಪ್ಪನ ಆ ಚೆಲುವಾದ ಪುಟ ತೆಗೆದು ಕಿಟಕಿಗೆ ಹಿಡಿದೆ. ಕೂದಲೆಳೆಯ ಗೆರೆಗಳು ಒಂದೂ ಕಾಣಲಿಲ್ಲ. ದಪ್ಪ ಹೊಟ್ಟೆಗಳಷ್ಟೇ ದಾರ ಹರಿದ ಮಣಿಗಳಂತೆ ಬಿದ್ದಿದ್ದವು. ಒಂದು ಅಕ್ಷರವೂ ಕೂಡಿಬರಲಿಲ್ಲ. ಆಮೇಲೆ ಪುಸ್ತಕ ತೆರೆದೆ. ಊದಿಕೊಂಡ ಆ ಕುರೂಪಿ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಅಪ್ಪಾ, ನೀನು ಏನನ್ನೂ ಕೆಡಿಸಿರಲಿಲ್ಲ ಎಂದು ಹೇಳಬೇಕಿತ್ತು. ಯಾರಿಗೆ ಹೇಳಲಿ? ಆಯಿ ಗುರುತಿಗಿಟ್ಟ ನೂಲು ಇನ್ನೂ ಇದ್ದ ಪುಟದಿಂದ, ಅವಳು ನಿಲ್ಲಿಸಿದ್ದಲ್ಲಿಂದ, ಗಟ್ಟಿಯಾಗಿ ಓದತೊಡಗಿದೆ.