ಕೇಳುವವರ ಕಿವಿಗೆ ತಕ್ಕ ಧ್ವನಿ: ಪ್ರೊ. ಕೋದಂಡರಾಮಪ್ಪನವರ ಪ್ರಯೋಗಶಾಲೆ

ಕೋಲಾರ ಜಿಲ್ಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸಿದವರ ಸಂಖ್ಯೆ ಚಿಕ್ಕದಲ್ಲ. ಆದರೆ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆಗೆ ಬರುವ, ಆದ್ದರಿಂದಲೇ ಹೆಚ್ಚಿನ ಅಧ್ಯಾಪಕರು ವರ್ಷದ ಕೊನೆಯಲ್ಲಿ ಓಡಿಸಿ ಮುಗಿಸುವ ಧ್ವನಿಶಾಸ್ತ್ರದ ಅಧ್ಯಾಯವನ್ನು ಜೀವಮಾನದ ಆಸಕ್ತಿಯಾಗಿ ಮಾಡಿಕೊಂಡವರು, ನಾನು ಬಲ್ಲಂತೆ, ಪ್ರೊ. ಕೋದಂಡರಾಮಪ್ಪನವರೊಬ್ಬರೇ. ಈ ತಿಂಗಳು ಅವರು ಕಾಲೇಜಿನ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಮೊದಲು ಅವರ ವಿದ್ಯಾರ್ಥಿನಿಯಾಗಿ, ಆಮೇಲೆ ಅದೇ ವಿಭಾಗದ ಸಹೋದ್ಯೋಗಿಯಾಗಿ ಅವರನ್ನು ಹತ್ತಿರದಿಂದ ಕಂಡ ನನಗೆ, ಅವರ ಗುಣಗಳನ್ನೆಲ್ಲ ಪಟ್ಟಿ ಮಾಡುವುದಕ್ಕಿಂತ ಅವರು ಕಟ್ಟಿದ ಒಂದು ಉಪಕರಣದ ಕಥೆಯನ್ನು ಹೇಳುವುದು ಹೆಚ್ಚು ಸರಿಯೆನಿಸುತ್ತದೆ.

ಹುತ್ತೂರಿನ ಹಿಪ್ಪುನೇರಳೆ ಬೆಳೆಯುವ ಮನೆತನದಲ್ಲಿ ಹುಟ್ಟಿದ ಅವರು ಮಾಲೂರಿನ ಹೈಸ್ಕೂಲಿನಲ್ಲಿ ವೃತ್ತಿ ಆರಂಭಿಸಿದರು. ನಿಲ್ಲದೆ ಹೋಗುವ ರೈಲಿನ ಶಿಳ್ಳೆ ಹತ್ತಿರ ಬರುವಾಗ ಒಂದು ಸ್ಥಾಯಿಯಲ್ಲೂ ದಾಟಿದ ಕೂಡಲೇ ಇನ್ನೊಂದು ಸ್ಥಾಯಿಯಲ್ಲೂ ಕೇಳುವುದನ್ನು ತೋರಿಸಲು ಅವರು ಇಡೀ ತರಗತಿಯನ್ನು ನಿಲ್ದಾಣಕ್ಕೆ ಕರೆದೊಯ್ಯುತ್ತಿದ್ದುದನ್ನು ಮಾಲೂರಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಕೋಲಾರದ ಕಾಲೇಜಿಗೆ ಬಂದ ಮೇಲೂ ಅವರ ಪಾಠದ ರೀತಿ ಅದೇ. ಗಡಿಯಾರದ ವಿಷಯದಲ್ಲಿ ಮಾತ್ರ ಅವರನ್ನು ಹೊಗಳಲಾರೆ. ಅವರ ಪ್ರಯೋಗದ ಅವಧಿ ಎಂದೂ ಹೊತ್ತಿಗೆ ಸರಿಯಾಗಿ ಮುಗಿದದ್ದಿಲ್ಲ. ಅದರಿಂದಾಗಿ ಮುಳಬಾಗಿಲಿನ ಬಸ್ಸು ತಪ್ಪಿಸಿಕೊಂಡ ಹುಡುಗಿಯರಿಗೆ ಅವರ ಮನೆಯಲ್ಲಿ ಅನಸೂಯಮ್ಮನವರು ಮುದ್ದೆ, ಸೊಪ್ಪಿನ ಸಾರು ಬಡಿಸಿ, ಜೊತೆಯಲ್ಲಿ ಬಂದು ಮುಂದಿನ ಬಸ್ಸು ಹತ್ತಿಸುತ್ತಿದ್ದರು. ಗುರುಗಳ ತಪ್ಪಿಗೆ ಗುರುಪತ್ನಿ ದಂಡ ಕಟ್ಟಿದ ಆ ಊಟಗಳನ್ನು ಈ ಅಭಿನಂದನ ಸಂಪುಟದಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ, ಎಪ್ಪತ್ತರ ದಶಕದ ನಡುವಿನಲ್ಲಿ, ನನ್ನ ಅಕ್ಕ ಶ್ಯಾಮಲಮ್ಮ ಶ್ರೀನಿವಾಸಪುರದ ಪ್ರಾಥಮಿಕ ಶಾಲೆಯೊಂದರಲ್ಲಿ ಮೂರನೆಯ ತರಗತಿಗೆ ಪಾಠ ಹೇಳುತ್ತಿದ್ದಳು. ಕ್ಷಯಕ್ಕೆ ತೆಗೆದುಕೊಂಡ ಇಂಜೆಕ್ಷನ್ನುಗಳು ಅವಳ ಜೀವ ಉಳಿಸಿ ಕಿವಿಯನ್ನು ಮಂದಮಾಡಿದ್ದವು. ಹೇಳಿಕೊಡುವುದು ಅವಳಿಗೆ ಕಷ್ಟವಾಗಿರಲಿಲ್ಲ. ಮಕ್ಕಳು ಓದಿದ್ದು ಸರಿಯೋ ತಪ್ಪೋ ಎಂಬುದು ತಿಳಿಯುತ್ತಿರಲಿಲ್ಲ. ಮುಖ್ಯೋಪಾಧ್ಯಾಯ ಸುಬ್ಬರಾಯಪ್ಪನವರು ಒಳ್ಳೆಯ ಮನಸ್ಸಿನಿಂದಲೇ ಅವಳಿಗೆ ಹೇಳಿದ್ದರು: "ಇನ್‌ಸ್ಪೆಕ್ಟರು ಬರೋದ್ರೊಳಗೆ ಏನಾದ್ರೂ ದಾರಿ ನೋಡ್ಕೊಳ್ಳಮ್ಮ. ಇಲ್ಲಾಂದ್ರೆ ಮಕ್ಕಳ ಉಪ್ಪಿಟ್ಟಿನ ರವೆ ದಾಸ್ತಾನು ನೋಡ್ಕೊಂಡು ಕೂತ್ಕೊ. ಸಂಬಳ ಎಲ್ಲೂ ಹೋಗಲ್ಲ." ಅಕ್ಕನಿಗೆ ಬೇಕಾಗಿದ್ದುದು ಸಂಬಳವೊಂದೇ ಆಗಿರಲಿಲ್ಲ. ರವೆಯ ಮೂಟೆಗಳ ನಡುವೆ ಕೂರುವ ಯೋಚನೆಗೇ ಅವಳು ಊಟ ಬಿಟ್ಟಿದ್ದಳು.

ಈ ಸಂಗತಿ ತಿಳಿದ ವಾರದಲ್ಲೇ ಗುರುಗಳು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಒಂದು ಆಂಪ್ಲಿಫೈಯರ್ ಕಟ್ಟಿದರು. ಮೇಜಿನ ಮೇಲೊಂದು ಮೈಕು. ಅದರ ಮುಂದೆ ಮಗು ಓದಿದರೆ, ಸೈನ್ಯದವರು ಬಳಸಿ ಬಿಟ್ಟ ಹೆಡ್‌ಫೋನಿನಲ್ಲಿ ಟೀಚರಿಗೆ ಕೇಳಬೇಕು. ಲ್ಯಾಬಿನಲ್ಲಿ ಬಿದ್ದಿದ್ದ ಹಳೆಯ ಬಿಡಿಭಾಗಗಳಿಂದಲೇ ಕಟ್ಟಿದ್ದರಿಂದ ಅದರೊಳಗೆ ಒಗ್ಗರಣೆ ಸಿಡಿದಂತೆ ಸದಾ ಒಂದು ಚರಚರ ಸದ್ದು. ಅಕ್ಕ ಅದನ್ನೇ ಸಂತೋಷದಿಂದ ಒಯ್ದಳು. ಆದರೆ ಗುರುಗಳಿಗೆ ಸಮಾಧಾನವಾಗಲಿಲ್ಲ. ಮುಂದಿನ ತಿಂಗಳು ಅದನ್ನು ವಾಪಸು ತರಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ತಾವೇ ಹೋಗಿ, ಒಂದೊಂದೇ ಭಾಗವನ್ನು ಬದಲಾಯಿಸಿದರು. ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಜಾಗಕ್ಕೆ ಸಿಲಿಕಾನಿನವು ಬಂದವು. ಇಂಗಾಲದ ರೆಸಿಸ್ಟರುಗಳ ಜಾಗಕ್ಕೆ ಲೋಹದ ಪದರದವು. ಧ್ವನಿ ಒಂದು ಹಂತದಿಂದ ಇನ್ನೊಂದಕ್ಕೆ ದಾಟುವ ಎಡೆಗಳಲ್ಲಿ ಸಣ್ಣ ಕೆಪಾಸಿಟರುಗಳಿದ್ದವಲ್ಲ, ಅಲ್ಲಿಗೆ ಹೆಬ್ಬೆರಳಿನಷ್ಟು ದಪ್ಪನೆಯವು ಬಂದವು. ಕೆಪಾಸಿಟರು ದೊಡ್ಡದಾದಷ್ಟೂ ತಗ್ಗಿನ ಸ್ವರಗಳು ತಡೆಯಿಲ್ಲದೆ ದಾಟುತ್ತವೆ, ಧ್ವನಿ ತುಂಬಿ ಬರುತ್ತದೆ ಎಂಬುದು ನಮಗೆಲ್ಲ ಅವರೇ ಕಲಿಸಿದ ಪಾಠ.

ಆಗ ನಡೆದದ್ದು ನಮ್ಮಂಥ ಭೌತಶಾಸ್ತ್ರದವರು ಮಾತ್ರ ಮಾಡಬಹುದಾದ ತಪ್ಪು. ಡಬ್ಬವನ್ನು ಸ್ಟಾಫ್ ರೂಮಿನಲ್ಲಿಟ್ಟು, ಮೈಕಿನ ಮುಂದೆ ರೇಡಿಯೊ ಇಟ್ಟು, ವೀಣೆಯ ಕಚೇರಿಯನ್ನು ಸರದಿಯ ಮೇಲೆ ಕೇಳಿದೆವು. ಮೃದಂಗದ ಎಡಭಾಗ ಎದೆಗೇ ತಾಗುವಂತೆ ಕೇಳಿಸುತ್ತಿತ್ತು. ಪ್ರಾಂಶುಪಾಲರು ಕಣ್ಣು ಮುಚ್ಚಿ ತಲೆದೂಗಿದರು. ರಸಾಯನಶಾಸ್ತ್ರದ ಚನ್ನರಾಯಪ್ಪನವರು ಹೆಡ್‌ಫೋನು ಬಿಟ್ಟುಕೊಡದೆ ಕುಳಿತು, "ಸಾರ್, ಇದನ್ನ ಶ್ರೀನಿವಾಸಪುರಕ್ಕೆ ಕಳಿಸ್ಬೇಡಿ, ನನಗೂ ಕಿವಿ ಕೇಳಲ್ಲ" ಎಂದರು. ಒಳ್ಳೆಯ ಕಿವಿಯಿದ್ದ ಅಷ್ಟೂ ಮಂದಿ ಅದಕ್ಕೆ ಪ್ರಮಾಣಪತ್ರ ಕೊಟ್ಟೆವು.

ಅಕ್ಕ ಬಂದು ಹೆಡ್‌ಫೋನು ಹಾಕಿಕೊಂಡಳು. ಗುರುಗಳು ಮೈಕಿನಲ್ಲಿ ಪಠ್ಯದ ಒಂದೆರಡು ವಾಕ್ಯ ಓದಿದರು. "ತುಂಬಾ ಚೆನ್ನಾಗಿದೆ ಸಾರ್," ಎಂದಳು. ಅವರು ಅಷ್ಟಕ್ಕೇ ಒಪ್ಪಿಕೊಂಡು ಕಳಿಸಬಹುದಿತ್ತು. ಆದರೆ ಹೆಡ್‌ಫೋನು ಹಾಕಿಕೊಂಡೂ ಅವಳು ತಮ್ಮ ತುಟಿಗಳನ್ನೇ ನೋಡುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತ್ತು. ಹಾಜರಿ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು, "ಊಟ ಆಯ್ತಾ ಟೀಚರೇ?" ಎಂದು ಕೇಳಿದರು. ಅಕ್ಕ ಸುಮ್ಮನೆ ನಕ್ಕಳು. ಆಮೇಲೆ, ತರಗತಿಯಲ್ಲಿ ಶುದ್ಧ ಕನ್ನಡವಾಡುವ ಪ್ರೊಫೆಸರಿಗೆ ನಮ್ಮ ಮನೆಮಾತು ಎಲ್ಲಿ ತಿಳಿಯಬೇಕು ಎಂಬ ಧೈರ್ಯದಿಂದ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಸಪ್ಪುಡು ವಸ್ತುಂದಿ, ಮಾಟ ತೆಲೀದು." ಸದ್ದು ಬರುತ್ತದೆ, ಮಾತು ತಿಳಿಯುವುದಿಲ್ಲ.

ಗುರುಗಳು ಅವಳ ಮುಂದೆ ಬಂದು ನಿಂತು, ತೆಲುಗಿನಲ್ಲೇ ಕೇಳಿದರು: "ಮೊದಟಿದೇ ಮೇಲಾಮ್ಮಾ?" ಮೊದಲಿನದೇ ವಾಸಿಯೇನಮ್ಮ, ಎಂದು. ಅಕ್ಕ ನಾಚಿಕೆಯಿಂದ ತಲೆ ತಗ್ಗಿಸಿ, ಹೌದೆಂದಳು.

ತಿಂಗಳ ಶ್ರಮವನ್ನು ಒಂದು ಮಾತು ಅಳಿಸಿಹಾಕಿದಾಗ ಮನುಷ್ಯನ ಮುಖ ಹೇಗಾಗುತ್ತದೆಂದು ನೋಡಲು ನನಗೆ ಧೈರ್ಯವಿರಲಿಲ್ಲ. ಅವರಾದರೋ ಆಗಲೇ ಬೀರುವಿನಿಂದ, ಬೇಕಾದ ಸ್ಥಾಯಿಯ ಸ್ವರ ಹುಟ್ಟಿಸುವ ಆಸಿಲೇಟರನ್ನು ಇಳಿಸುತ್ತಿದ್ದರು. ಸ್ವರ ಕೇಳಿದಾಗ ಬೆರಳೆತ್ತುವಂತೆ ಅಕ್ಕನಿಗೆ ಹೇಳಿ, ತಗ್ಗಿನಿಂದ ಮೇಲಕ್ಕೆ ಒಂದೊಂದೇ ಸ್ವರ ಹಾಕಿ, ಫಲಿತಾಂಶವನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರು. ತಗ್ಗಿನ ಸ್ವರಗಳಲ್ಲಿ ಅವಳ ಕಿವಿ ನಮ್ಮ ಕಿವಿಯಷ್ಟೇ ಚುರುಕು. ಮೇಲಕ್ಕೆ ಹೋದಂತೆ ಗೆರೆ ಅಂತರಗಂಗೆ ಬೆಟ್ಟದ ಪಕ್ಕೆಯಂತೆ ಕಡಿದಾಗಿ ಇಳಿದುಬಿಟ್ಟಿತ್ತು. ಒಂದು ಅಕ್ಷರವನ್ನು ಇನ್ನೊಂದರಿಂದ ಬೇರೆಮಾಡಿ ತೋರಿಸುವ ಸೂಕ್ಷ್ಮ ಧ್ವನಿಗಳೆಲ್ಲ ಇರುವುದು ಆ ಎತ್ತರದಲ್ಲಿ. ನಾವು ಮೆಚ್ಚಿ ತುಂಬಿಸಿದ್ದ ತಗ್ಗಿನ ಮೊರೆತವು ಅವಳಲ್ಲಿ ಉಳಿದಿದ್ದ ಅಷ್ಟನ್ನೂ ಮುಚ್ಚಿಹಾಕುತ್ತಿತ್ತು.

"ತಪ್ಪು ಸರ್ಕ್ಯೂಟಿನಲ್ಲಿಲ್ಲಮ್ಮ," ಎಂದು ಅವರು ನನಗೆ ಹೇಳಿದರು. "ನಾನು ನನ್ನ ಕಿವಿಗೆ ಕಟ್ಟಿದೆ. ಹಾಕ್ಕೊಳ್ಳೋರು ಇವರು."

ದಪ್ಪ ಕೆಪಾಸಿಟರುಗಳೆಲ್ಲ ಹೊರಬಂದವು. ಅವುಗಳ ಜಾಗಕ್ಕೆ ಮೊದಲಿನವುಗಳಿಗಿಂತಲೂ ಸಣ್ಣವು ಬಂದವು. ಹೊಸ ಟ್ರಾನ್ಸಿಸ್ಟರು, ರೆಸಿಸ್ಟರುಗಳನ್ನು ಮಾತ್ರ ಹಾಗೇ ಉಳಿಸಿದರು; ಏಕೆಂದರೆ ಹಳೆಯ ಡಬ್ಬದ ಚರಚರ ಸದ್ದು ಅಕ್ಕನಿಗೆ ಬೇಕಾದ ಆ ಎತ್ತರದ ಧ್ವನಿಗಳನ್ನೇ ಕೆಡಿಸುತ್ತಿತ್ತು. ಹೀಗೆ ಒಂದು ತಿಂಗಳ ಕೆಲಸದಲ್ಲಿ ಯಾವುದು ಸಾರ್ಥಕ, ಯಾವುದು ಬರಿಯ ನಮ್ಮ ಸುಖ ಎಂಬುದನ್ನು ಒಂದೇ ಮಧ್ಯಾಹ್ನದಲ್ಲಿ ಬೇರ್ಪಡಿಸಿದರು. ಮರುದಿನ ಕೇಳಿದ ಚನ್ನರಾಯಪ್ಪನವರು ಹೆಡ್‌ಫೋನು ಕಿತ್ತಿಟ್ಟರು.

"ಏನ್ ಸಾರ್ ಇದು, ತಗಡು ಕೆರೆದಂಗೈತೆ. ತಿಂಗಳೆಲ್ಲಾ ಕೂತು ಕೆಡಿಸಿದ್ರಾ?"

"ಹೌದ್ರೀ. ಇನ್ನೂ ಒಂದು ಸ್ವಲ್ಪ ಕೆಡಿಸೋದಿದೆ," ಎಂದರು ಗುರುಗಳು, ಬೆಸುಗೆಯ ಕಡ್ಡಿಯಿಂದ ಕಣ್ಣೆತ್ತದೆ.

ಇನ್‌ಸ್ಪೆಕ್ಟರು ಬಂದ ದಿನ ನಾನೂ ಶ್ರೀನಿವಾಸಪುರದ ಶಾಲೆಯ ಜಗುಲಿಯಲ್ಲಿದ್ದೆ. ಅವರು ನಿಷ್ಠುರರು, ಅನ್ಯಾಯದವರಲ್ಲ. ಅಕ್ಕನ ಕಿವಿಯ ವಿಷಯವನ್ನೂ ರವೆಯ ಏರ್ಪಾಟನ್ನೂ ಸುಬ್ಬರಾಯಪ್ಪನವರು ಅವರಿಗೆ ಮೊದಲೇ ಹೇಳಿದ್ದರು. ಪಾಠ ಟೀಚರಿಗೆ ಬಾಯಿಪಾಠವಿರುತ್ತದೆಂದು ತಮ್ಮ ಕೈಚೀಲದ ದಿನಪತ್ರಿಕೆಯನ್ನು ತೆಗೆದು ಮುನಿಗಂಗ ಎಂಬ ಹುಡುಗಿಗೆ ಕೊಟ್ಟರು. ತುಟಿ ಕಾಣಬಾರದೆಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಉದ್ದನೆಯ ತಂತಿಯ ಮೈಕನ್ನು ಕೈಯಲ್ಲಿ ಹಿಡಿದು ಅವಳು ರೇಷ್ಮೆಗೂಡಿನ ಧಾರಣೆಯ ಸುದ್ದಿಯನ್ನು ಓದಿದಳು.

"ಏನ್ ಓದಿದ್ಲಮ್ಮ?" ಎಂದು ಇನ್‌ಸ್ಪೆಕ್ಟರು ಜೋರಾಗಿ ಕೇಳಿದರು.

ಅಕ್ಕ ಅವರಿಗೆ ಉತ್ತರ ಕೊಡುವ ಮೊದಲು ಹುಡುಗಿಗೆ ಹೇಳಿದಳು: "ಲೇ ಮುನಿಗಂಗ, ಸಾಲಿನ ಕೊನೆ ನುಂಗ್ತೀಯಲ್ಲೇ. ನೆನ್ನೆ ಏನ್ ಹೇಳಿದ್ದೆ? ಇನ್ನೊಂದ್ಸಲ ಓದು, ಪೂರ್ತಿ ಬಾಯಿಬಿಟ್ಟು." ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿ, ಗೂಡಿನ ಬೆಲೆ ಇಳಿದಿರುವ ಸುದ್ದಿಯನ್ನು ವಾಕ್ಯಕ್ಕೆ ವಾಕ್ಯ ಒಪ್ಪಿಸಿದಳು. ಅವರು ಪತ್ರಿಕೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, "ಸುಬ್ಬರಾಯಪ್ಪನವರೇ, ರವೆ ಮೂಟೆಗೆ ಬೇರೆ ಯಾರನ್ನಾದ್ರೂ ನೋಡಿ," ಎಂದರು.

ಅಂದಿನಿಂದ ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಕಿವಿ ಮಂದವಾದ ಯಾರೇ ಬರಲಿ, ಗುರುಗಳು ಮೊದಲು ಗ್ರಾಫ್ ಹಾಳೆ ತೆಗೆಯುತ್ತಾರೆ, ಆಮೇಲೆ ಬೆಸುಗೆಯ ಕಡ್ಡಿ. ಮುಳಬಾಗಿಲಿನ ಮಗ್ಗದವರು, ಮಾಲೂರಿನ ಇಟ್ಟಿಗೆ ಗೂಡಿನ ಕದಿರಪ್ಪ, ಹೀಗೆ ಹಲವರ ಡಬ್ಬಗಳನ್ನು ನಾನೇ ಅವರ ಪಕ್ಕದಲ್ಲಿ ಕುಳಿತು ಕಟ್ಟಿದ್ದೇನೆ. ಒಂದರಂತೆ ಇನ್ನೊಂದಿಲ್ಲ. ಹೊರತೆಗೆದ ಆ ದಪ್ಪ ಕೆಪಾಸಿಟರುಗಳು ಅವರ ಮನೆಯ ರೇಡಿಯೊ ಸೇರಿದವು. ಮೃದಂಗದ ಮೇಲಿನ ಮೋಹವನ್ನು ಅವರು ಬಿಟ್ಟವರಲ್ಲ.

ನಿವೃತ್ತಿಯ ನಂತರ ಹುತ್ತೂರಿನ ಮನೆಯ ಅಟ್ಟದ ಮೇಲೆ ಬೆಸುಗೆಯ ಮೇಜು ಹಾಕುವುದಾಗಿ ಹೇಳಿದ್ದಾರೆ. ಆ ಮೇಜಿಗೆ ಕೆಲಸ ತಪ್ಪದಿರಲಿ, ಅದರ ಮುಂದೆ ಕೂರುವವರಿಗೆ ಆರೋಗ್ಯ, ಆಯುಸ್ಸು ತುಂಬಿರಲಿ, ಅನಸೂಯಮ್ಮನವರ ಅಡುಗೆಮನೆಗೆ ಇನ್ನಾದರೂ ಹೊತ್ತಿಗೆ ಸರಿಯಾಗಿ ಅವರು ಇಳಿದು ಬರಲಿ ಎಂದು ಶಿಷ್ಯರೆಲ್ಲರ ಪರವಾಗಿ ಹಾರೈಸುತ್ತೇನೆ.

ಅಭಿನಂದನ ಸಮಾರಂಭಕ್ಕೆ ಅಕ್ಕನೂ ಬರುತ್ತಾಳೆ. ಈಗಲೂ ಅವಳು ಮೂರನೆಯ ತರಗತಿಗೇ ಪಾಠ ಹೇಳುತ್ತಿದ್ದಾಳೆ. ಮುಂದಿನ ಸಾಲಿನಲ್ಲಿ, ಬಿಸ್ಕತ್ತಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಅಂದು ಮಾತನಾಡಲಿರುವ ಗಣ್ಯರಲ್ಲಿ ನನ್ನದೊಂದೇ ಅರಿಕೆ: ದಯವಿಟ್ಟು ಸಾಲಿನ ಕೊನೆಯನ್ನು ನುಂಗಬೇಡಿ. ಅವಳಿಗೆ ಕೇಳಿಸುತ್ತದೆ.