ಅತ್ತೆಗೆ ಹೋದ ಹನ್ನೊಂದು ಮೆಸೇಜ್

ಬಾರದೇ ಹೋದ ಹನ್ನೆರಡು ಜನರಿಗಾಗಿ ನನ್ನ ಅತ್ತೆ ರೊಟ್ಟಿ ಬಡಿದದ್ದಕ್ಕೆ ನಾನೇ ಕಾರಣ. ಇದನ್ನು ಒಪ್ಪಿಕೊಳ್ಳಲು ನನಗೆ ಎಂಟು ದಿನ ಬೇಕಾಯಿತು.

ನಾನು ಚಿಕ್ಕೋಡಿಯ ಒಂದು ಸಣ್ಣ ಆಫೀಸಿನಲ್ಲಿ ಜಾವಾಸ್ಕ್ರಿಪ್ಟ್ ಬರೆಯುವವಳು. ಕಬ್ಬು ಕಡಿಯುವ ಗ್ಯಾಂಗ್ ಯಾವತ್ತು ಬರುತ್ತದೆಂದು ರೈತರ ಮೊಬೈಲಿಗೆ ತಿಳಿಸುವ ಪ್ರೋಗ್ರಾಂ ಅನ್ನು ಒಂದು ಸಕ್ಕರೆ ಕಾರ್ಖಾನೆಗಾಗಿ ಮಾಡುತ್ತಿದ್ದೆ. ಅದರ ಟೆಸ್ಟಿಗೆ ಒಂದು ನಂಬರ್ ಬೇಕಿತ್ತು. ನನಗೆ ಬಾಯಿಪಾಠವಿದ್ದದ್ದು ಚಿಂಚಲಿಯ ಅತ್ತೆಯದೊಂದೇ, ಹಾಕಿಬಿಟ್ಟೆ. ಟೆಸ್ಟ್ ಎಂದರೆ ನನ್ನ ಕಂಪ್ಯೂಟರಿನ ಹೊಸ್ತಿಲು ದಾಟದ ಆಟ ಎಂದುಕೊಂಡಿದ್ದೆ. ಅದೋ, ನಾನು ಫೈಲ್ ಸೇವ್ ಮಾಡಿದಾಗಲೆಲ್ಲ ತಾನಾಗಿ ಓಡಿ, ಮೆಸೇಜ್ ಕಳಿಸುವ ನಿಜವಾದ ಕಂಪನಿಗೇ ಹೋಗಿ ಕದ ಬಡಿಯುತ್ತಿತ್ತು. ನಾನೋ, ಒಂದು ಅಲ್ಪವಿರಾಮ ಹಾಕಿದರೂ ಸೇವ್ ಮಾಡುವವಳು.

ಮರುದಿನ ಅತ್ತೆಯ ಫೋನ್. 'ನಾಳೆ ನಿಮ್ಮ ಹೊಲಕ್ಕೆ ಹನ್ನೆರಡು ಜನರ ಗ್ಯಾಂಗ್ ಬರುತ್ತದೆ' ಎಂದು ಹನ್ನೊಂದು ಸಲ ಮೆಸೇಜ್ ಬಂದಿತ್ತಂತೆ. ಅಷ್ಟು ಕಳಕಳಿಯಿಂದ ತಿಳಿಸಿದ ಮೇಲೆ ಗ್ಯಾಂಗಿನವರಿಗೆ ಊಟ ಹಾಕದಿದ್ದರೆ ಹೇಗೆಂದು ನಸುಕಿನಲ್ಲೆದ್ದು ರೊಟ್ಟಿ ಬಡಿದು, ಕಡಲೆಹಿಟ್ಟಿನ ಝುಣಕ ಮಾಡಿ, ಮಧ್ಯಾಹ್ನದವರೆಗೆ ತನ್ನ ಕಬ್ಬಿನ ಹೊಲದಲ್ಲಿ ಕಾದಿದ್ದಳು. "ಆ ಕಾರ್ಖಾನಿಯವರಿಗೆ ಒಂದ್ ಮಾತ್ ಕೇಳ ನನ್ನವ್ವಾ," ಅಂದಳು. ಕೇಳುತ್ತೇನೆ ಎಂದೆ, ದೇವರಾಣೆಯನ್ನೂ ಸೇರಿಸಿ.

ಜೊತೆಯಲ್ಲಿ ಕೆಲಸ ಮಾಡುವ ಕುಡಚಿಯ ಶಬಾನಾ ಬಿದ್ದು ಬಿದ್ದು ನಕ್ಕು, ಆಮೇಲೆ ಸ್ಟಬ್ ಹಾಕುವುದನ್ನು ಕಲಿಸಿದಳು. ಟೆಸ್ಟಿನಲ್ಲಿ ಹೊರಗಿನ ಕಂಪನಿಯ ಬದಲು ನಿಲ್ಲುವ ಸೋಗಿನವನು ಅವನು; ಎಲ್ಲಿಗೂ ಹೋಗುವುದಿಲ್ಲ, ಹೇಳಿಕೊಟ್ಟ ಉತ್ತರವನ್ನಷ್ಟೇ ಒಪ್ಪಿಸುತ್ತಾನೆ. ನಾನು "ಮುಟ್ಟಿತು" ಎಂಬುದೊಂದನ್ನೇ ಹೇಳಿಕೊಟ್ಟೆ. ಎಲ್ಲ ಟೆಸ್ಟೂ ಹಸಿರು, ಅಂದರೆ ಪಾಸು. ಬೀಗಿದೆ.

"ಬರೇ ಹೌದಪ್ಪನ್ನ ಸಾಕೀದಿ," ಅಂದಳು ಶಬಾನಾ. "ಒಮ್ಮೆ ತಡಾ ಮಾಡಿ 'ಇಲ್ಲ' ಅನ್ನಾಕ ಹಚ್ಚು."

ಹಚ್ಚಿದೆ. ಟೆಸ್ಟ್ ಕೆಂಪಾಯಿತು. ಉತ್ತರ ಬರುವ ತನಕ ಕಾಯಲಿ ಎಂದು ಕೋಡಿನಲ್ಲಿ 'ಅವೇಟ್' ಬರೆಯಬೇಕಿತ್ತು, ಮರೆತಿದ್ದೆ. ಹಾಗಾಗಿ ಉತ್ತರ ಬರುವ ಮೊದಲೇ ಪ್ರೋಗ್ರಾಂ "ಮುಟ್ಟಿತು" ಎಂದು ಬರೆದುಕೊಳ್ಳುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ, ಸುದ್ದಿಯೇ ಮುಟ್ಟದ ರೈತನ ಹೊಲಕ್ಕೆ ಗ್ಯಾಂಗ್ ಬಂದು, ಯಾರೂ ಇಲ್ಲವೆಂದು ಮುಂದಿನ ಊರಿಗೆ ಹೋಗಿಬಿಡುತ್ತಿತ್ತು. ಕಬ್ಬು ನಿಂತಲ್ಲೇ ಒಣಗುತ್ತಿತ್ತು. ಕೂಡಲೇ 'ಅವೇಟ್' ಸೇರಿಸಿದೆ.

ರವಿವಾರ ಚಿಂಚಲಿಗೆ ಹೋಗಿ ಎಲ್ಲ ಹೇಳಿದೆ. ಅತ್ತೆ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅಷ್ಟರಲ್ಲಿ ಅತ್ತೆಯ ಗಂಡ, ನನ್ನ ಮಾಮಾ, ಫೋನ್ ಮಾಡಿ, ಬಂದೇಬಿಟ್ಟೆ, ಓಣಿಯಲ್ಲೇ ಇದ್ದೇನೆ ಎಂದರು. ಅತ್ತೆ ಕೂತಲ್ಲಿಂದ ಅಲ್ಲಾಡಲಿಲ್ಲ. ತಾಟು ಹಾಕಲೇ ಎಂದು ನಾನೇ ಎದ್ದೆ.

"ಕುಂಡ್ರ ನೀ. ಇಪ್ಪತ್ತ ವರ್ಷ ಆತು, ಅವರು ಬಂದೆ ಅಂದ್ರ ನಾ ತಾಟ ಹಾಕಂಗಿಲ್ಲ. ಗಾಡಿ ಸಪ್ಪಳ ಆಗ್ಲಿ."

ಸಪ್ಪಳವಾದದ್ದು ಮುಕ್ಕಾಲು ಗಂಟೆಯ ಮೇಲೆ. ಆಗಷ್ಟೇ ಅತ್ತೆ ಬಡಿಸಿದ ಮಾಮಾನ ತಾಟಿನಲ್ಲಿ ಅನ್ನ ಹಬೆಯಾಡುತ್ತಿತ್ತು.